ಕಾರಿನ ಮೈಮೇಲೊಂದು ಗೀರು: ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಏಕೆ?

2010ರ ಅಕ್ಟೋಬರ್ ತಿಂಗಳಲ್ಲಿ ದೇಶದ ಪತ್ರಿಕೆಗಳೆಲ್ಲ ಮರಾಠವಾಡದತ್ತ ತಿರುಗಿ ನೋಡಿದ್ದವು. ಆಗ ಔರಂಗಾಬಾದ್ ಎಂದಿದ್ದ, 2023ರಲ್ಲಿ ಅಧಿಕೃತವಾಗಿ ಛತ್ರಪತಿ ಸಂಭಾಜಿನಗರ ಎಂದು ಹೆಸರು ಬದಲಿಸಿಕೊಂಡ ಊರಿನ ಉದ್ಯಮಿಗಳು, ವೈದ್ಯರು, ವಕೀಲರು ಒಟ್ಟಾಗಿ ಒಂದೇ ಸಲಕ್ಕೆ 150 ಮರ್ಸಿಡಿಸ್ ಬೆಂಜ್ ಕಾರುಗಳನ್ನು ಖರೀದಿಸಿದ್ದರು. ವ್ಯವಹಾರದ ಮೊತ್ತ ಸುಮಾರು 65 ಕೋಟಿ ರೂಪಾಯಿ. ಮುಂಬಯಿ, ಪುಣೆಗಳಿಗಷ್ಟೇ ಮೀಸಲು ಎಂದುಕೊಂಡಿದ್ದ ವೈಭವ ಸಣ್ಣ ನಗರಗಳಿಗೂ ಬಂತೆಂಬುದಕ್ಕೆ ಅದು ಸಾಕ್ಷಿಯಾಯಿತು.

ಅದೇ ಊರಿನ ಶೇಂದ್ರಾ ಕೈಗಾರಿಕಾ ಪ್ರದೇಶದಲ್ಲಿ 2001ರಿಂದ ಸ್ಕೋಡಾ ಕಾರುಗಳು ತಯಾರಾಗುತ್ತ ಬಂದಿವೆ. ಮುಂದೆ ಔಡಿ ಕಾರುಗಳ ಜೋಡಣೆಯೂ ಅಲ್ಲೇ ಆರಂಭವಾಯಿತು. ಇತ್ತ ನಾಸಿಕ್ ಮಹೀಂದ್ರ ಕಂಪೆನಿಯ ಊರು. ಸ್ಕಾರ್ಪಿಯೋ, ಥಾರ್‌ನಂಥ ಎತ್ತರದ ಗಾಡಿಗಳು ಇಲ್ಲಿಂದಲೇ ಹೊರಬಂದವು. 2025ರ ಜೂನ್‌ನಲ್ಲಿ 701 ಕಿಲೋಮೀಟರ್ ಉದ್ದದ ಮುಂಬಯಿ-ನಾಗಪುರ ಸಮೃದ್ಧಿ ಮಹಾಮಾರ್ಗ ಪೂರ್ತಿಯಾಗಿ ತೆರೆದ ಮೇಲಂತೂ ನಾಸಿಕ್ ಜಿಲ್ಲೆ ಮತ್ತು ಸಂಭಾಜಿನಗರದ ಹಾದಿಯಲ್ಲಿ ತಗ್ಗು ಮೈಯ, ಎರಡೇ ಬಾಗಿಲಿನ ಸ್ಪೋರ್ಟ್ಸ್ ಕಾರುಗಳು ಕಣ್ಣಿಗೆ ಬೀಳುವುದು ಅಪರೂಪವಲ್ಲ.

ಹೊಟೇಲು, ಕಾರ್ಖಾನೆ, ಸಾರಿಗೆ, ಗುತ್ತಿಗೆ ಎಂದು ಈ ಎರಡೂ ನಗರಗಳಲ್ಲಿ ನೆಲೆ ಕಂಡುಕೊಂಡ ನಮ್ಮ ತುಳು-ಕನ್ನಡಿಗರಲ್ಲೂ ಬದುಕಿಡೀ ದುಡಿದು, ಮಕ್ಕಳ ಮದುವೆ ಮುಗಿಸಿ, ಕೊನೆಗೊಮ್ಮೆ ಮನಸ್ಸಿನಾಸೆಯ ಕಾರು ಕೊಂಡವರಿದ್ದಾರೆ. ಅಂಥವರಿಗೆ ಕಾರು ಎಂದರೆ ಬರೀ ವಾಹನವಲ್ಲ. ಆಯುಧ ಪೂಜೆಗೆ ಮೊದಲ ಹೂವು ಅದಕ್ಕೇ. ಆ ಕಾರನ್ನು ನಾಸಿಕ್‌ನ ಕಾಲೇಜ್ ರೋಡಿನಲ್ಲೋ ಸಂಭಾಜಿನಗರದ ನಿರಾಲಾ ಬಜಾರಿನಲ್ಲೋ ನಿಲ್ಲಿಸಿ, ಅರ್ಧ ಗಂಟೆ ಬಿಟ್ಟು ಬಂದಾಗ ಬಾಗಿಲಿನ ಮೇಲೆ ಅಂಗೈ ಅಗಲದ ಕುಳಿ ಅಥವಾ ಗೇಣುದ್ದದ ಗೀರು ಕಂಡರೆ ಆಗುವ ಸಂಕಟವನ್ನು ಅನುಭವಿಸಿದವರೇ ಬಲ್ಲರು. ಆ ಸಂಕಟದ ಮೊದಲ ಐದು ನಿಮಿಷದಲ್ಲಿ ಮಾಡುವ ಕೆಲಸವೇ ಮುಂದಿನ ಖರ್ಚನ್ನೂ ನೆಮ್ಮದಿಯನ್ನೂ ನಿರ್ಧರಿಸುತ್ತದೆ. ಹಾಗಾಗಿ ಸಂಘದ ಸದಸ್ಯರ ಉಪಯೋಗಕ್ಕೆಂದು ಈ ವಿಷಯದ ಕೆಲವು ಮುಖ್ಯ ಸಂಗತಿಗಳು ಇಲ್ಲಿವೆ.

ಏಕೆ ತಾಗುತ್ತದೆ?

ಸ್ಪೋರ್ಟ್ಸ್ ಕಾರಿಗೆ ಪಾರ್ಕಿಂಗಿನಲ್ಲಿ ಪೆಟ್ಟು ಬೀಳಲು ಅದರ ರೂಪವೇ ಕಾರಣ. ಪೋರ್ಷೆ 911ರಂಥ ಕಾರಿನ ಎತ್ತರ ಸುಮಾರು 1.3 ಮೀಟರ್ ಮಾತ್ರ. ಅದರ ಮುಂದೆ ನಿಂತ ಎತ್ತರದ ಗಾಡಿಯ ಚಾಲಕ ಹಿಂದಕ್ಕೆ ತೆಗೆಯುವಾಗ ಕನ್ನಡಿಯಲ್ಲಿ ಈ ತಗ್ಗು ಮೂತಿ ಕಾಣಿಸುವುದೇ ಕಷ್ಟ. ಥಾರ್‌ನಂಥ ಗಾಡಿಗೆ ಸ್ಟೆಪ್ನಿ ಚಕ್ರ ಹಿಂಬಾಗಿಲ ಮೇಲೆಯೇ ಹೊರಚಾಚಿರುವುದರಿಂದ ಮೊದಲ ಪೆಟ್ಟು ಅದರದ್ದೇ. ಇನ್ನು ಎರಡೇ ಬಾಗಿಲಿನ ಕಾರಿನ ಬಾಗಿಲು ಉದ್ದವಾಗಿರುತ್ತದೆ. ಇಕ್ಕಟ್ಟಿನಲ್ಲಿ ತೆರೆದರೆ ಪಕ್ಕದ ಕಂಬಕ್ಕೆ ತಾನಾಗಿಯೇ ಬಡಿಯುತ್ತದೆ. ಮುಂದಿನ ಬಂಪರು ನೆಲಕ್ಕೆ ಹತ್ತಿರವಿರುವುದರಿಂದ ಚಕ್ರ ತಡೆಯಲೆಂದು ಹಾಕಿದ ಸಿಮೆಂಟ್ ಕಟ್ಟೆಗೆ ತಳಭಾಗ ಉಜ್ಜುತ್ತದೆ. ಗಲ್ಲಿ, ಪೇಟೆಗಳಲ್ಲಿ ದ್ವಿಚಕ್ರ ವಾಹನಗಳ ಹ್ಯಾಂಡಲಿನ ಕಾಟ ಬೇರೆ.

ಇವುಗಳಲ್ಲಿ ಹೆಚ್ಚಿನವು ದ್ವೇಷದಿಂದ ಮಾಡಿದ ಕೆಲಸವಲ್ಲ, ಕಾಣದೆ ಆದ ಪ್ರಮಾದ. ಕಾನೂನೂ ಇವೆರಡನ್ನು ಬೇರೆಬೇರೆಯಾಗಿಯೇ ನೋಡುತ್ತದೆ. ಬೇಕೆಂದೇ ಕೀಲಿಯಿಂದ ಗೀರಿದರೆ ಅದು 2023ರ ಭಾರತೀಯ ನ್ಯಾಯ ಸಂಹಿತೆಯ 324ನೇ ಕಲಮಿನಡಿ ಕಿಡಿಗೇಡಿತನದ ಅಪರಾಧ. ಆದರೆ ಆ ಅಪರಾಧಕ್ಕೆ ಉದ್ದೇಶವಾಗಲಿ, ಹಾನಿಯಾಗುತ್ತದೆಂಬ ತಿಳಿವಳಿಕೆಯಾಗಲಿ ಇರಬೇಕು. ರಿವರ್ಸ್ ತೆಗೆಯುವಾಗ ಕಾಣದೆ ತಾಗಿಸಿದವನನ್ನು 'ಕ್ರಿಮಿನಲ್' ಎಂದು ಕೂಗಾಡಿ ಜನ ಸೇರಿಸುವುದರಲ್ಲಿ ಅರ್ಥವಿಲ್ಲ.

ಮೊದಲು ಫೋಟೋ, ಆಮೇಲೆ ಮಾತು

ಪೆಟ್ಟು ಕಂಡ ಕೂಡಲೇ ಕಾರನ್ನು ಕದಲಿಸಬಾರದು. ದಾರಿಗೆ ತೀರ ಅಡ್ಡವಾಗಿಲ್ಲದಿದ್ದರೆ ನಿಂತಲ್ಲೇ ನಾಲ್ಕೂ ಕಡೆಯಿಂದ ಫೋಟೋ ತೆಗೆಯಬೇಕು. ದೂರದಿಂದ ಒಂದು, ಹತ್ತಿರದಿಂದ ಒಂದು, ಪಕ್ಕದ ವಾಹನದ ನಂಬರ್ ಪ್ಲೇಟು ಸೇರುವಂತೆ ಒಂದು. ಗೀರಿನ ಎತ್ತರವನ್ನು ನೆಲದಿಂದ ಅಂದಾಜಿಸಿಡಬೇಕು. ಪಕ್ಕದ ಗಾಡಿಯ ಬಂಪರಿನ ಎತ್ತರಕ್ಕೂ ಗೀರಿನ ಎತ್ತರಕ್ಕೂ ಹೊಂದದಿದ್ದರೆ ಅದು ತಾಗಿಸಿರಲಾರದು. ಇಷ್ಟು ನೋಡದೆ ಪಕ್ಕದವನ ಕೊರಳಪಟ್ಟಿ ಹಿಡಿದು, ಆಮೇಲೆ ಸಿಸಿ ಕ್ಯಾಮೆರಾದಲ್ಲಿ ಬೇರೆಯೇ ವಾಹನ ಕಂಡುಬಂದರೆ ತಲೆ ತಗ್ಗಿಸಬೇಕಾದವರು ನಾವೇ. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದಿಲ್ಲ.

ಅಕ್ಕಪಕ್ಕದ ಅಂಗಡಿಯ ಕ್ಯಾಮೆರಾ ದಾಖಲೆಯನ್ನು ಅದೇ ದಿನ ಕೇಳಬೇಕು. ಹೆಚ್ಚಿನ ಕ್ಯಾಮೆರಾಗಳಲ್ಲಿ ಹಳೆಯ ಚಿತ್ರದ ಮೇಲೆ ಹೊಸದು ಮುದ್ರಣವಾಗುತ್ತ ಹೋಗುವುದರಿಂದ ತಡ ಮಾಡಿದರೆ ಸಿಗುವುದಿಲ್ಲ.

ನಾವೇ ಬೇರೆಯವರ ಕಾರಿಗೆ ತಾಗಿಸಿದ್ದರೆ? ಸುತ್ತಮುತ್ತ ಯಾರೂ ಇಲ್ಲವೆಂದು ಜಾರಿಕೊಳ್ಳುವುದು ಸಲ್ಲ. ಒಂದು ಚೀಟಿಯಲ್ಲಿ ಹೆಸರು, ಫೋನ್ ನಂಬರ್, ವಾಹನದ ನಂಬರ್ ಬರೆದು ವೈಪರಿನ ಕೆಳಗಿಟ್ಟು, ಕಾವಲುಗಾರನಿಗೂ ಹೇಳಿಹೋಗುವುದು ಸಭ್ಯತೆ. ಮಾಲಕರು ಎದುರಿಗೆ ಬಂದರೆ "ದಾದಾ, ಮಾಝ್ಯಾಕಡೂನ್ ಲಾಗ್ಲಂ, ಆಧೀ ಬಘೂನ್ ಘೇಊ", ಅಂದರೆ 'ಅಣ್ಣ, ನನ್ನಿಂದಲೇ ತಾಗಿತು, ಮೊದಲು ನೋಡೋಣ' ಎಂದು ಅವರ ಭಾಷೆಯಲ್ಲೇ ಒಂದು ಮಾತು ಆಡಿದರೆ ಅರ್ಧ ಸಿಟ್ಟು ಅಲ್ಲೇ ಇಳಿಯುತ್ತದೆ. 1988ರ ಮೋಟಾರು ವಾಹನ ಕಾಯ್ದೆಯ 134ನೇ ಕಲಮು ಕೂಡ, ಅಪಘಾತದಲ್ಲಿ ಮೂರನೆಯವರ ಆಸ್ತಿಗೆ ಹಾನಿಯಾದರೆ ಪೊಲೀಸರು ಕೇಳಿದಾಗ ಮಾಹಿತಿ ಕೊಡುವ, ವಿಮಾ ಕಂಪೆನಿಗೆ ಲಿಖಿತವಾಗಿ ತಿಳಿಸುವ ಹೊಣೆಯನ್ನು ಚಾಲಕನ ಮೇಲೆ ಹೊರಿಸುತ್ತದೆ.

ಆದರೆ ಒಂದು ಎಚ್ಚರಿಕೆ. 'ಎಷ್ಟಾದರೂ ನಾನೇ ಕೊಡುತ್ತೇನೆ' ಎಂದು ಭಾವಾವೇಶದಲ್ಲಿ ಬರೆದುಕೊಟ್ಟು, ಆಮೇಲೆ ಅದೇ ಮೊತ್ತಕ್ಕೆ ತಮ್ಮ ವಿಮಾ ಕಂಪೆನಿಯ ಬಾಗಿಲು ತಟ್ಟಿದರೆ ತೊಡಕಾಗುತ್ತದೆ. ಕಂಪೆನಿಯ ಲಿಖಿತ ಒಪ್ಪಿಗೆಯಿಲ್ಲದೆ ಹೊಣೆ ಒಪ್ಪಿಕೊಳ್ಳಬಾರದು, ಹಣದ ಭರವಸೆ ಕೊಡಬಾರದು ಎಂಬ ಷರತ್ತು ಪಾಲಿಸಿಯಲ್ಲೇ ಇರುತ್ತದೆ. ಕೈಯಿಂದ ಕೊಟ್ಟು ಮುಗಿಸುವುದಾದರೆ ಮೊತ್ತ, ದಿನಾಂಕ, 'ಇನ್ನು ಬಾಕಿಯಿಲ್ಲ' ಎಂಬ ಒಕ್ಕಣೆ, ಇಬ್ಬರ ಸಹಿ ಇರುವ ಒಂದು ಕಾಗದ ಮಾಡಿಕೊಂಡರೆ ಇಬ್ಬರಿಗೂ ಕ್ಷೇಮ.

ಉಗುರಿನ ಪರೀಕ್ಷೆ

ಮನೆಗೆ ಬಂದ ಮೇಲೆ ಆ ಜಾಗವನ್ನು ನೀರು, ಕಾರ್ ಶಾಂಪೂ ಮತ್ತು ಮೆತ್ತನೆಯ ಬಟ್ಟೆಯಿಂದ ತೊಳೆಯಬೇಕು. ಎಷ್ಟೋ ಸಲ ಗೀರು ಎಂದುಕೊಂಡದ್ದು ಗೀರೇ ಆಗಿರುವುದಿಲ್ಲ. ತಾಗಿದ ಗಾಡಿಯ ಬಣ್ಣ ನಮ್ಮ ಕಾರಿನ ಮೇಲೆ ಅಂಟಿಕೊಂಡಿರುತ್ತದೆ. ಪಾಲಿಶ್ ಹಾಕಿ ಉಜ್ಜಿದರೆ ಅದು ಹೋಗುತ್ತದೆ. ಪಾತ್ರೆ ತಿಕ್ಕುವ ನಾರು, ಟೂತ್‌ಪೇಸ್ಟ್, ಸೀಮೆಎಣ್ಣೆಯ ಪ್ರಯೋಗ ಮಾತ್ರ ಬೇಡವೇ ಬೇಡ.

ತೊಳೆದ ಮೇಲೂ ಗೀರು ಉಳಿದಿದ್ದರೆ ಉಗುರನ್ನು ಅದರ ಅಡ್ಡಕ್ಕೆ ಮೆಲ್ಲನೆ ಎಳೆದು ನೋಡಬೇಕು. ಕಾರಿನ ಬಣ್ಣ ಒಂದೇ ಪದರವಲ್ಲ. ತಗಡಿನ ಮೇಲೆ ಪ್ರೈಮರ್, ಅದರ ಮೇಲೆ ಬಣ್ಣದ ಪದರ, ಎಲ್ಲಕ್ಕಿಂತ ಮೇಲೆ ಗಾಜಿನಂತೆ ಹೊಳೆಯುವ ಕ್ಲಿಯರ್ ಕೋಟ್. ಎಲ್ಲ ಸೇರಿ ಮಿಲಿಮೀಟರಿನ ಹತ್ತನೇ ಒಂದು ಭಾಗದ ಆಸುಪಾಸು ಇರುತ್ತದೆ. ಉಗುರು ಸಿಕ್ಕಿಕೊಳ್ಳದೆ ಜಾರಿದರೆ ಗೀರು ಮೇಲಿನ ಕ್ಲಿಯರ್ ಕೋಟಿನಲ್ಲೇ ನಿಂತಿದೆ ಎಂದರ್ಥ. ಯಂತ್ರದ ಪಾಲಿಶ್ ಸಾಕು. ಉಗುರು ಸಿಕ್ಕಿಕೊಂಡರೆ ಕೆಳಪದರಕ್ಕೆ ಇಳಿದಿದೆ. ಬೂದು ಅಥವಾ ಬಿಳಿ ಪ್ರೈಮರ್ ಕಂಡರೆ ಕಂಪೆನಿಯ ಬಣ್ಣದ ಸಂಕೇತ ನೋಡಿ ತಂದ ಟಚ್‌ಅಪ್ ಬಣ್ಣ ಬೇಕು. ಹೊಳೆಯುವ ತಗಡೇ ಕಂಡರೆ ತಡಮಾಡುವಂತಿಲ್ಲ. ಮಳೆಗಾಲದಲ್ಲಿ ಉಕ್ಕಿನ ತಗಡು ಬೇಗ ತುಕ್ಕು ಹಿಡಿಯುತ್ತದೆ. ಅದೇ ಕಾರಿನಲ್ಲಿ ಊರಿನ ಭೂತಕೋಲಕ್ಕೋ ನಾಗಪೂಜೆಗೋ ಕರಾವಳಿಗೆ ಹೋಗುವ ಅಂದಾಜಿದ್ದರೆ ಉಪ್ಪು ಗಾಳಿ ತುಕ್ಕನ್ನು ಇನ್ನಷ್ಟು ವೇಗವಾಗಿ ಹಬ್ಬಿಸುತ್ತದೆ. ಹೊರಡುವ ಮೊದಲೇ ಆ ಜಾಗ ಮುಚ್ಚಬೇಕು.

ಬಣ್ಣ ಒಡೆಯದೆ ಬರೀ ಕುಳಿ ಬಿದ್ದಿದ್ದರೆ ಬಣ್ಣ ಮುಟ್ಟದೆಯೇ ತೆಗೆಯುವ ವಿಧಾನವಿದೆ. ತಗಡಿನ ಹಿಂಬದಿಯಿಂದ ಉದ್ದನೆಯ ಕಂಬಿಗಳನ್ನು ತೂರಿಸಿ, ಬೆಳಕಿನ ಪ್ರತಿಬಿಂಬ ನೋಡುತ್ತ ಎಳ್ಳಷ್ಟು ಎಳ್ಳಷ್ಟೇ ಒತ್ತಿ ಮಟ್ಟ ಮಾಡುವ ಕೈಚಳಕ ಅದು. ಕುಳಿ ತಗಡಿನ ಅಂಚಿನಲ್ಲಿದ್ದರೆ ಅಥವಾ ಕಂಬಿ ತಲುಪದ ಎರಡು ಪದರದ ಜಾಗದಲ್ಲಿದ್ದರೆ ಈ ಉಪಾಯ ಕಷ್ಟ. ಅಲ್ಯೂಮಿನಿಯಂ ಮೈಯ ಕಾರಾದರೆ ಇನ್ನೂ ಜಾಗ್ರತೆ ಬೇಕು. ಉಕ್ಕಿನಂತೆ ಅದು ಸುಲಭವಾಗಿ ಮೊದಲಿನ ಆಕಾರಕ್ಕೆ ಮರಳುವುದಿಲ್ಲ. ಉಕ್ಕಿಗೆ ಬಳಸಿದ ಅದೇ ಉಪಕರಣ ಬಳಸಿದರೆ ಉಕ್ಕಿನ ಪುಡಿ ಸೇರಿ ಮುಂದೆ ಸವೆತ ಶುರುವಾಗುತ್ತದೆ. ಬೀದಿ ಬದಿಯ ಗ್ಯಾರೇಜಿನ ಸುತ್ತಿಗೆ ಇಲ್ಲಿಗೆ ಸಲ್ಲ. ಫೈಬರ್ ಮೈಗೆ ತುಕ್ಕಿಲ್ಲ, ಆದರೆ ಕೂದಲೆಳೆಯ ಬಿರುಕು ಹಬ್ಬುತ್ತದೆ. ಬಂಪರು ಪ್ಲಾಸ್ಟಿಕ್ಕಿನದು. ಅದರ ಹಿಂದೆ ರೇಡಾರ್ ಅಥವಾ ಪಾರ್ಕಿಂಗ್ ಸೆನ್ಸರ್ ಇರುವ ಕಾರುಗಳಲ್ಲಿ ಪುಟ್ಟಿ, ಬಣ್ಣ ದಪ್ಪಗೆ ಮೆತ್ತಿದರೆ ಆ ಉಪಕರಣಗಳ ಕೆಲಸವೇ ಕೆಡಬಹುದು.

ಗೀರು ಸಣ್ಣದಾದರೂ 'ಇಡೀ ಬಾಗಿಲಿಗೆ ಹೊಸ ಪೇಂಟ್ ಹೊಡೆದುಬಿಡೋಣ ಸಾರ್' ಎನ್ನುವ ಗ್ಯಾರೇಜುಗಳಿಗೆ ಕೊರತೆಯಿಲ್ಲ. ಒಪ್ಪುವ ಮೊದಲು ಯೋಚಿಸಬೇಕು. ವರ್ಷಗಟ್ಟಲೆ ಬಿಸಿಲುಂಡ ಹಳೆಯ ಬಣ್ಣಕ್ಕೆ ಹೊಸ ಮೆಟಾಲಿಕ್ ಬಣ್ಣ ಹೊಂದಿಸುವುದು ಸುಲಭವಲ್ಲ. ಪಕ್ಕದ ಭಾಗಕ್ಕೂ ತೆಳುವಾಗಿ ಹಾಯಿಸಿ ಬೆರೆಸಬೇಕಾಗುತ್ತದೆ. ಅಲ್ಲದೆ ಇಂಥ ಕಾರು ಕೊಳ್ಳುವವರು ಬಣ್ಣದ ದಪ್ಪ ಅಳೆಯುವ ಉಪಕರಣ ಹಿಡಿದೇ ಬರುತ್ತಾರೆ. ಕಾರ್ಖಾನೆಯ ಮೂಲ ಬಣ್ಣ ಉಳಿದ ಕಾರಿಗೆ ಬೆಲೆ ಹೆಚ್ಚು. ಸಣ್ಣ ಗೀರನ್ನು ಗೀರಾಗಿಯೇ ಬಿಟ್ಟು ಟಚ್‌ಅಪ್ ಮಾಡಿದ್ದರಿಂದ ಆಗುವ ನಷ್ಟಕ್ಕಿಂತ ಇಡೀ ಬಾಗಿಲು ಉಜ್ಜಿ ಬಣ್ಣ ಬಳಿದದ್ದರಿಂದ ಆಗುವ ನಷ್ಟ ಕೆಲವೊಮ್ಮೆ ದೊಡ್ಡದು. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಏಕೆ ಎಂದು ಹಿರಿಯರು ಹೇಳಿದ್ದು ಕಾರಿನ ಬಣ್ಣಕ್ಕೂ ಅನ್ವಯಿಸುತ್ತದೆ.

ವಿಮೆಯ ಲೆಕ್ಕ

'ವಿಮೆ ಇದೆಯಲ್ಲ, ಕ್ಲೇಮ್ ಮಾಡಿದರಾಯಿತು' ಎಂಬುದು ಹೆಚ್ಚಿನವರ ಮೊದಲ ಮಾತು. ಪೆನ್ನು-ಕಾಗದ ಹಿಡಿದು ಲೆಕ್ಕ ಹಾಕಿದರೆ ಬೇರೆಯೇ ಚಿತ್ರ ಕಾಣುತ್ತದೆ.

ಕ್ಲೇಮ್ ಮಾಡದ ಮಾಲಕರಿಗೆ ಸ್ವಂತ ಹಾನಿಯ ಪ್ರೀಮಿಯಮ್ಮಿನಲ್ಲಿ ಮೊದಲ ವರ್ಷದ ಬಳಿಕ ಶೇ. 20, ಮುಂದೆ ಶೇ. 25, 35, 45, ಕೊನೆಗೆ ಶೇ. 50ರವರೆಗೆ 'ನೋ ಕ್ಲೇಮ್ ಬೋನಸ್' ರಿಯಾಯಿತಿ ಸಿಗುತ್ತದೆ. ಒಂದೇ ಒಂದು ಕ್ಲೇಮ್ ಮಾಡಿದರೂ ಅದು ಸೊನ್ನೆಗೆ ಇಳಿಯುತ್ತದೆ. ಉದಾಹರಣೆಗೆ, ರಿಯಾಯಿತಿಯಿಲ್ಲದ ಪ್ರೀಮಿಯಂ 60,000 ರೂಪಾಯಿ ಎಂದಿಟ್ಟುಕೊಳ್ಳೋಣ. ಶೇ. 50ರ ರಿಯಾಯಿತಿ ಇರುವವರು ಕಟ್ಟುವುದು 30,000. ಕ್ಲೇಮ್ ಮಾಡಿದ ಮುಂದಿನ ವರ್ಷ ಪೂರ್ತಿ 60,000, ಅದರ ನಂತರ ಕ್ರಮವಾಗಿ 48,000, 45,000, 39,000, 33,000. ಮೂಲ ಪ್ರೀಮಿಯಂ ಹಾಗೆಯೇ ಇದ್ದರೆ ಮೊದಲಿನ ಶೇ. 50ಕ್ಕೆ ಮರಳುವಷ್ಟರಲ್ಲಿ ಐದು ವರ್ಷಗಳಲ್ಲಿ ಹೆಚ್ಚುವರಿಯಾಗಿ ಕಟ್ಟಿದ್ದು 75,000 ರೂಪಾಯಿ! ಇಪ್ಪತ್ತು ಸಾವಿರದ ಗೀರಿಗೆ ಕ್ಲೇಮ್ ಮಾಡಿದವರು ನಿಜಕ್ಕೂ ಗಳಿಸಿದ್ದೇನು?

ಅದೂ ಇಪ್ಪತ್ತು ಸಾವಿರ ಪೂರ್ತಿ ಸಿಗುವುದಿಲ್ಲ. ಸಾಮಾನ್ಯ ಪಾಲಿಸಿಯಲ್ಲಿ ಕಡ್ಡಾಯ ಕಡಿತವಿದೆ: ಎಂಜಿನ್ 1,500 ಸಿಸಿ ಮೀರಿದ ಕಾರಿಗೆ 2,000 ರೂಪಾಯಿ, ಅದಕ್ಕಿಂತ ಚಿಕ್ಕದಕ್ಕೆ 1,000. ಪ್ಲಾಸ್ಟಿಕ್, ರಬ್ಬರ್ ಭಾಗ ಬದಲಿಸಿದರೆ ಬೆಲೆಯ ಅರ್ಧವನ್ನು ಸವಕಳಿ ಎಂದು ಕಳೆಯುತ್ತಾರೆ. ಫೈಬರ್ ಭಾಗಕ್ಕೆ ಶೇ. 30. ಬಣ್ಣದ ಸಾಮಗ್ರಿಗೂ ಅರ್ಧ ಕಡಿತ. 'ಜೀರೋ ಡೆಪ್ರಿಸಿಯೇಶನ್' ಎಂಬ ಹೆಚ್ಚುವರಿ ರಕ್ಷಣೆ ಪಡೆದವರಿಗೆ ಈ ಸವಕಳಿಯ ಕಾಟವಿಲ್ಲ. ಬೋನಸ್ ಕಾಪಾಡುವ ಹೆಚ್ಚುವರಿ ರಕ್ಷಣೆಯೂ ಸಿಗುತ್ತದೆ. ದುಬಾರಿ ಕಾರು ಇರುವವರು ಪಾಲಿಸಿ ನವೀಕರಿಸುವಾಗಲೇ ಇವೆರಡನ್ನು ಕೇಳಿಕೊಳ್ಳುವುದು ಒಳ್ಳೆಯದು.

ತಾಗಿಸಿದವರ ಮೂರನೇ ವ್ಯಕ್ತಿ ವಿಮೆಯಿಂದಲೂ ಪರಿಹಾರ ಕೇಳಬಹುದು. ಖಾಸಗಿ ಕಾರಿನ ಪಾಲಿಸಿಯಲ್ಲಿ ಇತರರ ಆಸ್ತಿ ಹಾನಿಗೆ ಸಾಮಾನ್ಯವಾಗಿ 7.5 ಲಕ್ಷ ರೂಪಾಯಿವರೆಗೆ ರಕ್ಷಣೆಯಿದೆ. ಪ್ರೀಮಿಯಂ ಉಳಿಸಲೆಂದು ಅದನ್ನು 6,000ಕ್ಕೆ ಇಳಿಸಿಕೊಂಡವರೂ ಇರುತ್ತಾರೆ. ನಮ್ಮ ಪಾಲಿಸಿಯಲ್ಲಿ ಏನಿದೆ ಎಂದು ಒಮ್ಮೆ ತೆರೆದು ನೋಡುವುದು ಉತ್ತಮ. ಆದರೆ ಈ ಪರಿಹಾರ ಮೋಟಾರು ಅಪಘಾತ ನ್ಯಾಯಮಂಡಳಿಯ ದಾರಿಯಲ್ಲಿ ಬರಬೇಕಾದ್ದು. ಸಣ್ಣ ಕುಳಿಗಾಗಿ ಅಲ್ಲಿಯ ಮೆಟ್ಟಿಲೇರಿ ದಿನ ಕಳೆಯುವುದಕ್ಕಿಂತ ಎದುರುಬದುರು ಕುಳಿತು ಮುಗಿಸುವುದೇ ಲೇಸು.

ಹೊಟೇಲ್ ಮಾಲಕರ ಗಮನಕ್ಕೆ

ನಮ್ಮವರಲ್ಲಿ ಹೊಟೇಲ್ ಉದ್ಯಮಿಗಳೇ ಹೆಚ್ಚಿರುವುದರಿಂದ ಈ ಭಾಗ ಮುಖ್ಯ. 'ವಾಹನ ನಿಲುಗಡೆ ಮಾಲಕರ ಸ್ವಂತ ಜವಾಬ್ದಾರಿ' ಎಂಬ ಫಲಕ ತೂಗುಹಾಕಿದರೆ ಹೊಣೆ ತೀರಿತು ಎಂದುಕೊಂಡವರು 2019ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪನ್ನು ತಿಳಿದಿರಬೇಕು.

1998ರ ಆಗಸ್ಟಿನ ಒಂದು ರಾತ್ರಿ ದಿಲ್ಲಿಯ ತಾಜ್ ಮಹಲ್ ಹೊಟೇಲಿಗೆ ಬಂದ ಅತಿಥಿಯೊಬ್ಬರು ತಮ್ಮ ಮಾರುತಿ ಝೆನ್ ಕಾರನ್ನು ನಿಲ್ಲಿಸಲೆಂದು ಹೊಟೇಲಿನ ಸಿಬ್ಬಂದಿಗೆ ಕೀಲಿ ಕೊಟ್ಟು ಒಳಗೆ ಹೋದರು. ಮರಳಿ ಬಂದಾಗ ಕಾರೇ ಇಲ್ಲ. ಬೇರೆ ಕಾರಿನಲ್ಲಿ ಬಂದಿದ್ದ ಯುವಕರು ಕೀಲಿ ಎಗರಿಸಿ ಅದನ್ನು ಓಡಿಸಿಕೊಂಡು ಹೋಗಿದ್ದರು. ವಿಮಾ ಕಂಪೆನಿ ಮಾಲಕರಿಗೆ 2.80 ಲಕ್ಷ ರೂಪಾಯಿ ಕೊಟ್ಟು, ಬಳಿಕ ಹೊಟೇಲಿನ ವಿರುದ್ಧ ಗ್ರಾಹಕ ಆಯೋಗಕ್ಕೆ ಹೋಯಿತು. ಪಾರ್ಕಿಂಗ್ ಚೀಟಿಯಲ್ಲಿ 'ಅತಿಥಿಯ ಸ್ವಂತ ಹೊಣೆ' ಎಂದು ಮುದ್ರಿಸಿದೆ, ಮೇಲಾಗಿ ಪಾರ್ಕಿಂಗ್ ಉಚಿತ ಎಂಬುದು ಹೊಟೇಲಿನ ವಾದವಾಗಿತ್ತು. ಸುಪ್ರೀಂ ಕೋರ್ಟ್ ಅದನ್ನು ಒಪ್ಪಲಿಲ್ಲ. ಕೀಲಿ ಪಡೆದು ಕಾರು ನಿಲ್ಲಿಸಿದ ಮೇಲೆ ಅದನ್ನು ಜೋಪಾನ ಮಾಡುವ ಹೊಣೆ ಹೊಟೇಲಿನದು, ತನ್ನ ಕಡೆಯಿಂದ ತಕ್ಕ ಎಚ್ಚರ ವಹಿಸಿದ್ದೆ ಎಂದು ತೋರಿಸಿಕೊಡಬೇಕಾದದ್ದೂ ಹೊಟೇಲೇ, ಸ್ವಂತ ನಿರ್ಲಕ್ಷ್ಯಕ್ಕೆ ಮುದ್ರಿತ ಚೀಟಿ ರಕ್ಷಣೆಯಾಗದು ಎಂದಿತು. ಆ ತೀರ್ಪು ಬರೆದವರು ಕನ್ನಡಿಗರೇ ಆದ ನ್ಯಾಯಮೂರ್ತಿ ಮೋಹನ ಶಾಂತನಗೌಡರ್. ಹಾವೇರಿ ಜಿಲ್ಲೆಯವರಾದ ಅವರು ಕರ್ನಾಟಕ ಹೈಕೋರ್ಟಿನಲ್ಲಿ ನ್ಯಾಯಮೂರ್ತಿಗಳಾಗಿದ್ದು, ಕೇರಳದ ಮುಖ್ಯ ನ್ಯಾಯಮೂರ್ತಿಗಳಾಗಿ, ಬಳಿಕ ಸರ್ವೋಚ್ಚ ನ್ಯಾಯಾಲಯಕ್ಕೇರಿದವರು. 2021ರ ಏಪ್ರಿಲ್‌ನಲ್ಲಿ ನಿಧನರಾದರು.

ಅದು ಕಳವಿನ ಪ್ರಕರಣ. ಆದರೆ ಅದರ ಹಿಂದಿರುವ 1872ರ ಕರಾರು ಕಾಯ್ದೆಯ ತತ್ವ ಗೀರು, ಕುಳಿಗಳಿಗೂ ಸಲ್ಲುತ್ತದೆ: ಒಪ್ಪಿಸಿಕೊಂಡ ವಸ್ತುವನ್ನು ವಿವೇಕಿಯಾದವನು ತನ್ನ ವಸ್ತುವನ್ನು ನೋಡಿಕೊಳ್ಳುವಷ್ಟೇ ಜೋಪಾನದಿಂದ ನೋಡಿಕೊಳ್ಳಬೇಕು. ಅತಿಥಿ ತಾನೇ ಕಾರು ನಿಲ್ಲಿಸಿ ಕೀಲಿಯನ್ನು ಜೇಬಿನಲ್ಲಿಟ್ಟುಕೊಂಡು ಹೋದರೆ ಮಾತು ಬೇರೆ. ಹಾಗಾಗಿ ಕೀಲಿ ಪಡೆಯುವ ಹೊಟೇಲುಗಳು ಕಾರು ಪಡೆಯುವಾಗಲೇ ಅದರ ಸುತ್ತ ಮೊಬೈಲಿನಲ್ಲಿ ಅರ್ಧ ನಿಮಿಷದ ವೀಡಿಯೋ ಮಾಡಿಡುವುದು, ಹಳೆಯ ಗೀರುಗಳನ್ನು ಚೀಟಿಯಲ್ಲಿ ಗುರುತಿಸಿ ಅತಿಥಿಯ ಸಹಿ ಪಡೆಯುವುದು, ಕೀಲಿಗಳನ್ನು ಬೀಗವಿರುವ ಪೆಟ್ಟಿಗೆಯಲ್ಲಿಡುವುದು ರೂಢಿಸಿಕೊಳ್ಳಬೇಕು. ತಗ್ಗು ಕಾರುಗಳನ್ನು ಗೋಡೆಯ ಬದಿಯ ಮೂಲೆಗೆ ಬಿಟ್ಟರೆ ಅರ್ಧ ತೊಂದರೆ ತಪ್ಪುತ್ತದೆ.

ಬಡವನ ಸಂಬಳ

ಇಂಥ ಜಗಳಗಳಲ್ಲಿ ಕೊನೆಗೆ ಪೆಟ್ಟು ತಿನ್ನುವವನು ಹೆಚ್ಚಾಗಿ ಕಾವಲುಗಾರ ಅಥವಾ ಕಾರು ನಿಲ್ಲಿಸುವ ಹುಡುಗ. ಆತ ಮರಾಠವಾಡದ ಬರಪೀಡಿತ ಹಳ್ಳಿಯವನಿರಬಹುದು, ನಮ್ಮದೇ ಬೀದರ್, ಕಲಬುರಗಿ ಕಡೆಯವನಿರಬಹುದು. ದೊಡ್ಡ ಕಾರಿನ ಒಂದು ಕನ್ನಡಿಯ ಬೆಲೆ ಅವನ ತಿಂಗಳುಗಟ್ಟಲೆ ದುಡಿಮೆಯನ್ನೇ ನುಂಗಿಬಿಡಬಹುದು. 'ಅವನ ಸಂಬಳದಿಂದ ಹಿಡಿಯಿರಿ' ಎಂದು ಅತಿಥಿ ಗದರುವುದೂ, ಮಾಲಕ ತಲೆಯಾಡಿಸುವುದೂ ಸುಲಭ. ಆದರೆ ಕಾನೂನು ಅಷ್ಟು ಸುಲಭವಲ್ಲ. ಹಾನಿ ಆತನ ನಿರ್ಲಕ್ಷ್ಯದಿಂದಲೇ ಆಗಿರಬೇಕು, ಕಡಿತ ಹಾನಿಯ ಮೊತ್ತ ಮೀರಬಾರದು, ಅದಕ್ಕೂ ಮೊದಲು ಆತನ ಸಮಜಾಯಿಷಿ ಕೇಳಲೇಬೇಕು. 1936ರ ವೇತನ ಪಾವತಿ ಕಾಯ್ದೆಯಲ್ಲಿದ್ದ ಈ ನಿಯಮ 2019ರ ವೇತನ ಸಂಹಿತೆಯಲ್ಲೂ ಉಳಿದಿದೆ. ಹತ್ತಾರು ವರ್ಷಗಳ ಹಿಂದೆ ಹೊಟೇಲಿನಲ್ಲಿ ಗ್ಲಾಸು ಒಡೆದು ಸಂಬಳ ಕಳೆದುಕೊಂಡ ಹುಡುಗರೇ ಇಂದು ಹೊಟೇಲ್ ಮಾಲಕರಾಗಿರುವ ಸಮಾಜ ನಮ್ಮದು. ಆ ನೋವು ನಮಗೆ ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ.

ಸಂಘಗಳು ಏನು ಮಾಡಬಹುದು?

ರಾಜ್ಯೋತ್ಸವ, ವಾರ್ಷಿಕೋತ್ಸವ, ಗಣೇಶೋತ್ಸವದ ದಿನ ಸಭಾಗೃಹದ ಮುಂದೆ ನೂರಾರು ವಾಹನ ಸೇರುತ್ತವೆ. ಅಂದು ಸದಸ್ಯರ ಕಾರಿಗೆ ಸದಸ್ಯರದ್ದೇ ಕಾರು ತಾಗಿದರೆ ಎದುರುಪಕ್ಷದವರು ಅಪರಿಚಿತರಲ್ಲ. ಮುಂದಿನ ವಾರದ ಕಾರ್ಯಕಾರಿ ಸಮಿತಿ ಸಭೆಯಲ್ಲಿ ಪಕ್ಕದ ಕುರ್ಚಿಯಲ್ಲಿ ಕೂರಬೇಕಾದವರು. ಒಂದು ಗೀರಿನಿಂದ ಎರಡು ಮನೆಗಳ ನಡುವೆ ಮಾತು ನಿಂತರೆ ಅದಕ್ಕೆ ಪಾಲಿಶ್ ಇಲ್ಲ. ಆದ್ದರಿಂದ ಯುವ ವಿಭಾಗದ ಇಬ್ಬರನ್ನು ಪಾರ್ಕಿಂಗಿಗೆಂದೇ ನೇಮಿಸುವುದು, ಆಹ್ವಾನ ಪತ್ರಿಕೆಯಲ್ಲೇ ವಾಹನ ನಿಲುಗಡೆಯ ಜಾಗ ತಿಳಿಸುವುದು, ಹಿರಿಯರನ್ನು ಬಾಗಿಲಲ್ಲಿ ಇಳಿಸಿ ಕಾರನ್ನು ದೂರದಲ್ಲಿ ನಿಲ್ಲಿಸುವುದು, ಏನಾದರೂ ತಾಗಿದರೆ ಜನಜಂಗುಳಿಯೆದುರು ವಾದಿಸದೆ ಫೋಟೋ ತೆಗೆದಿಟ್ಟು ಮರುದಿನ ಮಾತಾಡುವುದು ಎಂಬ ನಾಲ್ಕು ನಿಯಮಗಳನ್ನು ಪ್ರತಿ ಸಂಘ ಪಾಲಿಸಬಹುದು.

ನಾಸಿಕ್-ತ್ರ್ಯಂಬಕೇಶ್ವರಗಳಲ್ಲಿ 2027ರ ಸಿಂಹಸ್ಥ ಕುಂಭಮೇಳಕ್ಕೆ ಊರಿನಿಂದಲೂ ಮುಂಬಯಿಯಿಂದಲೂ ಬಂಧುಬಳಗ ಬರುವುದು ಖಚಿತ. ಪಂಚವಟಿ, ಗೋದಾವರಿ ತೀರದ ಇಕ್ಕಟ್ಟಿನ ಬೀದಿಗಳಿಗೆ ಆ ದಿನಗಳಲ್ಲಿ ಅಚ್ಚುಮೆಚ್ಚಿನ ಕಾರನ್ನು ಒಯ್ಯುವ ಸಾಹಸ ಬೇಡ. ಅದನ್ನು ಮನೆಯಲ್ಲೇ ಹೊದಿಕೆ ಹಾಕಿ ನಿಲ್ಲಿಸಿ, ಬಂದವರನ್ನು ರಿಕ್ಷಾದಲ್ಲಿ ಕರೆದೊಯ್ದರೆ ಕಾರಿಗೂ ಕ್ಷೇಮ, ಮಾಲಕರಿಗೂ ನಿಶ್ಚಿಂತೆಯ ಗೋದಾ ಸ್ನಾನ.